‘ಇನ್‌ಕ್ಲೂಸಿವ್’ ಕಟ್ಟಡಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಬೆಂಗಳೂರಿನ ಸಾರ್ವಜನಿಕ ಕಟ್ಟಡಗಳ ವಿನ್ಯಾಸವನ್ನು ಕುರಿತ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗಾಲಿಕುರ್ಚಿಯಲ್ಲಿ ಬರುವವರು, ದೃಷ್ಟಿಯಿಲ್ಲದವರು, ವಯಸ್ಸಾದವರು, ಕಂಕುಳಲ್ಲಿ ಕೂಸಿರುವ ತಾಯಂದಿರು, ಇಲ್ಲಿನ ಫಲಕಗಳನ್ನು ಓದಲು ಬಾರದ ವಲಸೆ ಕಾರ್ಮಿಕರು, ಇವರೆಲ್ಲರನ್ನೂ ನಕ್ಷೆ ಬರೆಯುವಾಗಲೇ ಲೆಕ್ಕಕ್ಕೆ ತೆಗೆದುಕೊಂಡ ‘ಇನ್‌ಕ್ಲೂಸಿವ್ ಆರ್ಕಿಟೆಕ್ಚರ್’ಗೆ ತಕ್ಕ ಪದ ಯಾವುದು ಎಂಬುದು ನನ್ನ ಪ್ರಶ್ನೆ.

ಹಿಂದಿಯ ಜಾಡಿನಲ್ಲಿ ‘ಸಮಾವೇಶಿ ವಾಸ್ತುಶಿಲ್ಪ’ ಎಂದರೆ ಎರಡು ಪದಗಳೂ ದಾರಿ ತಪ್ಪಿಸುತ್ತವೆ. ನಮಗೆ ಸಮಾವೇಶವೆಂದರೆ ಅರಮನೆ ಮೈದಾನದಲ್ಲಿ ನಡೆಯುವ ಸಭೆ. ವಾಸ್ತುವೆಂದರೆ ಈಗ ಅಡುಗೆಮನೆ ಆಗ್ನೇಯದಲ್ಲಿದೆಯೇ ಎಂಬ ವಿಚಾರಣೆ. ‘ಒಳಗೊಳ್ಳುವ’ ಎಂಬುದು ಅಚ್ಚಗನ್ನಡವಾದರೂ ಸಕರ್ಮಕ ಕ್ರಿಯಾಪದವಾದ್ದರಿಂದ, ‘ಹತ್ತು ಕೊಠಡಿಗಳನ್ನು ಒಳಗೊಂಡ ಕಟ್ಟಡ’ ಎಂಬಂತೆ, ಏನನ್ನು ಒಳಗೊಳ್ಳುವುದು ಎಂಬ ಪ್ರಶ್ನೆಯನ್ನು ಉಳಿಸಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಳಗಿರುವವರು ಹೊರಗಿನವರನ್ನು ಕರೆದುಕೊಳ್ಳುವ ಧ್ವನಿ ಅದರಲ್ಲಿದೆ. ಜಗಲಿಯವರೆಗೆ ಯಾರು, ಹೊಸ್ತಿಲು ದಾಟಿ ಯಾರು ಎಂಬುದನ್ನು ಜಾತಿ ತೀರ್ಮಾನಿಸಿದ್ದ ನಮ್ಮ ಮನೆಗಳ ಚರಿತ್ರೆಯಲ್ಲಿ ಈ ಧ್ವನಿ ಸಣ್ಣದಲ್ಲ. ‘ವಿವಿಧ ಸಮುದಾಯಗಳಿಗಾಗಿ’ ಎಂದು ಬರೆದರೂ ಪತ್ರಿಕೆ ಓದುವವರು ಅದನ್ನು ‘ವಿವಿಧ ಜಾತಿಗಳಿಗಾಗಿ’ ಎಂದೇ ಓದುತ್ತಾರೆ.

ವಿಕಲಚೇತನರ ಹಕ್ಕುಗಳನ್ನು ಕುರಿತ 2016ರ ಕೇಂದ್ರ ಕಾಯ್ದೆಯು ತಡೆ ಎಂಬುದನ್ನು ವ್ಯಾಖ್ಯಾನಿಸುವಾಗ ಕಟ್ಟಡದ ರಚನೆಯನ್ನಷ್ಟೇ ಅಲ್ಲದೆ ಸಂವಹನ, ಸಂಸ್ಕೃತಿ, ಆರ್ಥಿಕತೆ ಹಾಗೂ ಜನರ ಮನೋಭಾವವನ್ನೂ ಸೇರಿಸುತ್ತದೆ. ಆ ವಿಶಾಲಾರ್ಥದಲ್ಲಿ ‘ತಡೆ’ ಒಳ್ಳೆಯ ಪದವೇ. ಆದರೆ ‘ತಡೆರಹಿತ’ ಎಂದೊಡನೆ ನೆನಪಾಗುವುದು ನಡುವೆ ಎಲ್ಲೂ ನಿಲ್ಲದ ಬಸ್ಸು. ‘ಸಾರ್ವತ್ರಿಕ ವಿನ್ಯಾಸ’ವನ್ನು ‘ಯೂನಿವರ್ಸಲ್ ಡಿಸೈನ್’ಗೆ, ಅಂದರೆ ಬೇರೆ ಮಾರ್ಪಾಡಿಲ್ಲದೆ ಆದಷ್ಟೂ ಎಲ್ಲರೂ ಬಳಸಬಹುದಾದ ವಿನ್ಯಾಸಕ್ಕೆ, ಮೀಸಲಿಡಬಹುದು, ಅದರ ಬಗ್ಗೆ ನನಗೆ ತಕರಾರಿಲ್ಲ.

ಸದ್ಯಕ್ಕೆ ‘ಎಲ್ಲರಿಗೂ ಒದಗುವ ಕಟ್ಟಡ’ ಎಂದು ಬರೆದುಕೊಂಡಿದ್ದೇನೆ. ಕಷ್ಟಕ್ಕೊದಗುವ ನೆಂಟ ಎನ್ನುವಾಗಿನ ಅರ್ಥ ಇಲ್ಲಿಗೆ ಹೊಂದುತ್ತದೆ, ಕಟ್ಟಡವೇ ಜನರಿಗೆ ಹೊಂದಿಕೊಳ್ಳಬೇಕೆಂಬ ಸೂಚನೆಯೂ ಸಿಗುತ್ತದೆ. ಆಪತ್ತೂ ‘ಒದಗುತ್ತದೆ’ ಎಂಬ ಆಕ್ಷೇಪವನ್ನು ನಿರೀಕ್ಷಿಸಿದ್ದೇನೆ.

ಇದಕ್ಕೆ ಹೊಂದಿದ ಇನ್ನೊಂದು ತೊಡಕು ರ‍್ಯಾಂಪಿನದು. ‘ಇಳಿಜಾರು’ ಎಂಬ ರೂಢಿಯ ಪದದಲ್ಲಿ ಇಳಿಯುವುದೂ ಜಾರುವುದೂ ಇವೆ, ಗಾಲಿಕುರ್ಚಿಯವರಿಗೆ ಬೇಕಾದ ಏರುವುದೊಂದೇ ಇಲ್ಲ. ಇದು ಬರಿಯ ಪದದ ಗೊಡವೆಯೂ ಅಲ್ಲ. ಸಾಮಾನ್ಯವಾಗಿ ಒಪ್ಪಿರುವ 1:12ರ ಪ್ರಮಾಣದಲ್ಲಿ (ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ) ಅರ್ಧ ಮೀಟರ್ ಎತ್ತರದ ಪಾಯಕ್ಕೆ 6 ಮೀಟರ್ ಉದ್ದದ ರ‍್ಯಾಂಪು ಬೇಕು. 30×40 ಅಡಿಯ ನಿವೇಶನಗಳಲ್ಲಿ ಅಷ್ಟು ಜಾಗ ಬಿಡುವವರು ಕಡಿಮೆಯಾದ್ದರಿಂದ, ಬೈಕ್ ಹತ್ತಿಸಲು ಹಾಕಿದ ಕಡಿದಾದ ಕಾಂಕ್ರೀಟಿಗೂ ನಾವು ಇಳಿಜಾರು ಎಂದೇ ಹೇಳುತ್ತೇವೆ. ಎರಡಕ್ಕೂ ಒಂದೇ ಹೆಸರಿದ್ದರೆ ಕೈಪಿಡಿಯ ಸೂಚನೆ ಮೇಸ್ತ್ರಿಗೆ ತಲುಪುವುದಿಲ್ಲ. ‘ಏರುದಾರಿ’ ಆದೀತೇ? ಗಾರೆ ಕೆಲಸದವರ ಮಾತಿನಲ್ಲಿ, ಹಳೆ ಮೈಸೂರು ಭಾಗದಲ್ಲಾಗಲಿ ಧಾರವಾಡದ ಕಡೆಯಲ್ಲಾಗಲಿ, ನಿಧಾನವಾಗಿ ಏರುವ ಇಂಥ ನೆಲಕ್ಕೆ ಬೇರೆ ಹೆಸರಿದ್ದರೆ ತಿಳಿದವರು ಪ್ರಯೋಗದ ಸಮೇತ ತಿಳಿಸಬೇಕಾಗಿ ಕೋರುತ್ತೇನೆ.