ಕೆಮಿಕಲ್ ಸುರಕ್ಷತೆಗೆ ಸನ್ಮಾನ: ಏನು ನೋಡಿ ಆರಿಸೋದು?

ಚೆಂಬೂರು ಕನ್ನಡಿಗ: ಭೋಪಾಲ್ ದುರಂತದ ದಿನ, ಡಿಸೆಂಬರ್ 3ಕ್ಕೆ, ಗ್ಯಾಸ್ ಸೋರಿಕೆಗೆ ತಯಾರಿ ಮಾಡಿಕೊಂಡಿರೋ ಮುಂಬೈನ ಮಾಹುಲ್-ಚೆಂಬೂರಿನ ಹೌಸಿಂಗ್ ಸೊಸೈಟಿಗಳನ್ನ ನಮ್ಮ ಕನ್ನಡ ಸಂಘದಿಂದ ಸನ್ಮಾನಿಸೋಣ ಅಂತಿದ್ದೀವಿ. ಅಳತೆಗೋಲು ಹೇಳಿ.

ಸೇಫ್ಟಿ ಮಾವ: ಫೋಟೊ ಬಿಡಿ, ವಾಚ್‌ಮನ್‌ನ ಕೇಳಿ. ಕ್ಲೋರಿನ್‌ನಂಥ ವಿಷಗ್ಯಾಸ್ ಸೋರಿದ್ರೆ ಏನು ಮಾಡ್ತಾರೆ ಅಂತ. ಕ್ಲೋರಿನ್ ಗಾಳಿಗಿಂತ ಸುಮಾರು 2.5 ಪಟ್ಟು ಭಾರ, ತಗ್ಗಿಗಿಳಿಯುತ್ತೆ. ಡ್ರಿಲ್‌ನಲ್ಲಿ ಜನರನ್ನ ಬೇಸ್‌ಮೆಂಟಿಗೆ ಇಳಿಸಿದ್ರೆ ಸೊನ್ನೆ! ಗಾಳಿಗೆ ಅಡ್ಡಲಾಗಿ ಸರೀಬೇಕು. ದಿಕ್ಕು ತಿಳಿಯೋಕೆ ಟೆರೇಸ್ ಮೇಲೆ ಬಟ್ಟೆಪಟ್ಟಿ ಕಟ್ಟಿದಾರಾ ನೋಡಿ.

ಥಾಣೆ ಅಕ್ಕ: ಹೌಸ್‌ಕೀಪಿಂಗ್ ಕಪಾಟೂ ತೆರೆಸಿ. ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ಆಸಿಡ್ ತಾಗಿದ್ರೆ ಅಲ್ಲೇ ಕ್ಲೋರಿನ್. ಬಿಸ್ಲೆರಿ ಬಾಟಲಿಯಲ್ಲಿ ಆಸಿಡ್ ಕಂಡ್ರೆ ಆ ಸೊಸೈಟಿ ಹೆಸರು ಪಟ್ಟಿಯಿಂದ ಹೊಡೆದುಹಾಕಿ.

ಸೇಫ್ಟಿ ಮಾವ: ಸರಿ ಅಕ್ಕ. 1996ರ ರಾಸಾಯನಿಕ ಅಪಘಾತ ನಿಯಮಗಳಲ್ಲಿ ಸ್ಥಳೀಯ ಕ್ರೈಸಿಸ್ ಗ್ರೂಪ್ (ಇಂಥ ಅಪಘಾತ ನಿಭಾಯಿಸೋ ಸ್ಥಳೀಯ ಸಮಿತಿ) ಇದೆ. ಅದರ ಜೊತೆ ಸಂಪರ್ಕ ಇಟ್ಟವರಿಗೆ ಹೆಚ್ಚು ಅಂಕ ಕೊಡಿ.