ಪೆಡಲ್ ಸ್ಟೀಲ್ ಗಿಟಾರ್: ಸ್ವರ ಇಳಿಸುವ ಮೊಣಕಾಲು ಲಿವರ್‌ಗಳನ್ನು ನೀವೆಲ್ಲ ಹೇಗೆ ಬಳಸುತ್ತೀರಿ?

ಪ್ರಶ್ನೆ, ಬೆಂದೂರಿನಿಂದ: ನಮ್ಮ ಮಾವ ಗಲ್ಫ್‌ನಿಂದ ಬರುವಾಗ ತಂದ ಪೆಡಲ್ ಸ್ಟೀಲ್ ಈಗ ನನ್ನ ಕೈಯಲ್ಲುಂಟು. ಮಲಗಿಸಿಟ್ಟು, ತಂತಿ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವ ಗಿಟಾರ್; ಪಾದದ ಪೆಡಲ್, ಮೊಣಕಾಲಿನ ಲಿವರ್ ಒತ್ತಿದರೆ ತಂತಿಯ ಸ್ವರ ಬದಲಾಗುತ್ತದೆ. ಹತ್ತು ತಂತಿ, ಇ ನೈನ್ತ್ ಟ್ಯೂನಿಂಗ್, ಮೂರು ಪೆಡಲ್, ನಾಲ್ಕು ಲಿವರ್. ಚರ್ಚ್ ಕ್ವಾಯರ್‌ನಲ್ಲಿ ನುಡಿಸುತ್ತೇನೆ, ಮದುವೆಯ ಮುಂಚಿನ ರೋಸ್ ಶಾಸ್ತ್ರಕ್ಕೂ ಯಾರಾದರೂ ಕರೆದರೆ ಹೋಗುತ್ತೇನೆ. ಎ, ಬಿ ಪೆಡಲ್‌ಗಳಲ್ಲೇ ಎಲ್ಲ ಮುಗಿಯುತ್ತದೆ. ಸ್ವರ ಇಳಿಸುವ ಲಿವರ್ ಒತ್ತಿದರೆ ಗಿಟಾರ್ ಅತ್ತ ಹಾಗೆ ಕೇಳುತ್ತದೆ, ಅಷ್ಟೇ. ಅದರಿಂದ ಬೇರೆ ಏನಾದರೂ ಮಾಡಬಹುದಾ? ಅನುಭವ ಇದ್ದವರು ಹೇಳಿ.

ಕಂಕನಾಡಿಯಿಂದ: ಅಳುವುದು ಯಾಕೆ ಗೊತ್ತಾ? ನೀವು ಮೊದಲು ಮೀಟಿ ಆಮೇಲೆ ಒತ್ತುತ್ತೀರಿ. ಉಲ್ಟಾ ಮಾಡಿ. ಮೊದಲೇ ಒತ್ತಿ ಹಿಡಿದು, ಮೀಟಿ, ಆಮೇಲೆ ಬಿಡಿ. ಆಗ ಸ್ವರ ಇಳಿಯುವುದಿಲ್ಲ, ಏರುತ್ತದೆ.

ಒಂದು ಸಲ ಹೀಗೆ ಮಾಡಿ ನೋಡಿ. ಬಾರ್ ಇಡದೆ, ಖಾಲಿ ತಂತಿಯಲ್ಲೇ. ಇ ತಂತಿಗಳನ್ನು ಡಿ ಶಾರ್ಪ್‌ಗೆ ಇಳಿಸುವ ಲಿವರ್ ಒತ್ತಿ, ಜೊತೆಗೆ 6ನೇ ತಂತಿಯನ್ನು ಜಿ ಶಾರ್ಪ್‌ನಿಂದ ಎ ಸ್ವರಕ್ಕೆ ಏರಿಸುವ ಬಿ ಪೆಡಲ್ ಕೂಡ ತುಳಿಯಿರಿ, 10, 8, 6ನೇ ತಂತಿ ಮೀಟಿ. ಬಿ, ಡಿ ಶಾರ್ಪ್, ಎ ಸಿಕ್ಕಿತಲ್ವಾ? ಅದು ಬಿ ಸೆವೆನ್ತ್. ಪೂರ್ತಿ ಬೇಕಿದ್ದರೆ 7ನೇ ತಂತಿಯ ಎಫ್ ಶಾರ್ಪ್ ಸೇರಿಸಿ. ಈಗ ಲಿವರ್ ಮಾತ್ರ ಬಿಡಿ: ಡಿ ಶಾರ್ಪ್ ಏರಿ ಇ ಆಯಿತು, ಎ ಇನ್ನೂ ಹಾಗೇ ನಿಂತಿದೆ, ಕಿವಿ ಕಾಯುತ್ತಿದೆ. ಆಮೇಲೆ ಪೆಡಲ್ ಬಿಡಿ, ಇ ಮೇಜರ್. ಬಾರ್ ಒಂದಿಂಚೂ ಸರಿಯಬೇಕಾಗಿಲ್ಲ. 8ನೇ ಫ್ರೆಟ್‌ನಲ್ಲಿ ಇದನ್ನೇ ಮಾಡಿದರೆ ಜಿ ಸೆವೆನ್ತ್‌ನಿಂದ ಸಿ, 3ನೇ ಫ್ರೆಟ್‌ನಲ್ಲಿ ಡಿ ಸೆವೆನ್ತ್‌ನಿಂದ ಜಿ. ಕ್ವಾಯರ್‌ನ ಆಮೆನ್‌ಗೆ ಇದಕ್ಕಿಂತ ಜಾಸ್ತಿ ಏನು ಬೇಕು ಮಾರಾಯ್ರೆ! 7ನೇ ತಂತಿ ಸೇರಿಸಿದ್ದರೆ ಮಾತ್ರ ಬಿಡುವ ಹೊತ್ತಿಗೆ ಅದನ್ನು ಮಾತ್ರ ಬೆರಳಲ್ಲಿ ಮುಟ್ಟಿ ನಿಲ್ಲಿಸಿ.

ಇನ್ನೊಂದು. ಅದೇ ಲಿವರ್ ಒಂದನ್ನೇ ಒತ್ತಿ ಹಿಡಿದರೆ 10ರಿಂದ 4ರವರೆಗೆ, 9ನೇ ತಂತಿ ಬಿಟ್ಟು, ಇಡೀ ಗಿಟಾರ್ ಬಿ ಸಿಕ್ಸ್ತ್ ಆಗುತ್ತದೆ. ಇ ನೈನ್ತ್, ಬಿ ಸಿಕ್ಸ್ತ್ ಎರಡನ್ನೂ ಒಂದೇ ಗಿಟಾರ್‌ನಲ್ಲಿ ಸೇರಿಸುವ ಹನ್ನೆರಡು ತಂತಿಯ ಯೂನಿವರ್ಸಲ್ ಟ್ಯೂನಿಂಗ್ ನಿಂತಿರುವುದೇ ಇದರ ಮೇಲೆ. ಹಾಗಾಗಿ ಅದನ್ನು ಸ್ವರ ಇಳಿಸುವ ಲಿವರ್ ಎಂದು ನೋಡುವುದಕ್ಕಿಂತ ಇನ್ನೊಂದು ಟ್ಯೂನಿಂಗ್ ಎಂದೇ ನೋಡಿ. ಒಂದು ಹಾಡಿನ ಅರ್ಧ ಭಾಗ ಒತ್ತಿಕೊಂಡೇ ನುಡಿಸಿ, ಸುಮ್ನೆ.

ಉಡುಪಿಯಿಂದ: ನಾನು ವೀಣೆಯಿಂದ ಈ ಕಡೆ ಬಂದವಳು. ವೀಣೆಯಲ್ಲಿ ತಂತಿ ಎಳೆದರೆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇಲ್ಲಿ ಒತ್ತಿದರೆ ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ಹಾಗಾಗಿ ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ.

ನನಗೆ ತುಂಬಾ ಇಷ್ಟ ಆದದ್ದು 5ನೇ ತಂತಿಯನ್ನು ಅರ್ಧ ಸ್ವರ ಇಳಿಸುವ ಲಿವರ್. ಸಾಮಾನ್ಯವಾಗಿ ಎಡ ಮೊಣಕಾಲು ಮೇಲೆತ್ತಿ ಒತ್ತುವಂಥದ್ದು. ನಿಮ್ಮ ನಾಲ್ಕರಲ್ಲಿ ಅದು ಉಂಟಾ ಮೊದಲು ನೋಡಿ. ಇ ನಿಮ್ಮ ಷಡ್ಜ ಎಂದು ಇಟ್ಟುಕೊಳ್ಳಿ. 6 ಗಾಂಧಾರ, 5 ಪಂಚಮ, 7 ರಿಷಭ. ಎ ಪೆಡಲ್ ಪಂಚಮವನ್ನು ಧೈವತ ಮಾಡುತ್ತದೆ, ಇ ಇಳಿಸುವ ಲಿವರ್ ಷಡ್ಜವನ್ನು ನಿಷಾದ ಮಾಡುತ್ತದೆ, ಈ ಲಿವರ್ ಪಂಚಮವನ್ನು ಪ್ರತಿ ಮಧ್ಯಮ ಮಾಡುತ್ತದೆ. ಏಳೂ ಸ್ವರ ಒಂದೇ ಫ್ರೆಟ್‌ನಲ್ಲಿ, ಕಲ್ಯಾಣಿ! ಈ ಲಿವರ್ ಬಿಟ್ಟು ಮಧ್ಯಮಕ್ಕೆ ಬಿ ಪೆಡಲ್ ತುಳಿದರೆ ಶಂಕರಾಭರಣ.

ಬಾರ್ ಜಾರಿಸಿದರೆ ಎಲ್ಲ ತಂತಿಗಳೂ ಒಟ್ಟಿಗೆ ಜಾರುತ್ತವೆ. ಲಿವರ್‌ನಲ್ಲಿ ಹಾಗಲ್ಲ, 8ನೇ ತಂತಿಯ ಷಡ್ಜ ಮೊಳಗುತ್ತಾ ನಿಂತಿರುವಾಗಲೇ 5ನೇ ತಂತಿ ಮಾತ್ರ ಪ್ರತಿ ಮಧ್ಯಮದಿಂದ ಮೆಲ್ಲ ಪಂಚಮಕ್ಕೆ ಏರುತ್ತದೆ, ಆ ಎಳೆತ ಕೇಳಿದರೆ ಸಾಕು, ಬೇರೆ ಅಲಂಕಾರ ಬೇಡ. ಮೊಣಕಾಲನ್ನು ತಟ್ಟನೆ ಬಿಡಬೇಡಿ. ಗಮಕದ ಹಾಗೆ, ಅರ್ಧ ದಾರಿಯಲ್ಲಿ ಸ್ವಲ್ಪ ತಡೆದು ಬಿಡಿ.

ಸುರತ್ಕಲ್‌ನಿಂದ: ಇವರೆಲ್ಲ ಹೇಳಿದ್ದು ಚಂದ, ಆದರೆ ಲಿವರ್ ಶ್ರುತಿಯಲ್ಲಿ ಇಲ್ಲದಿದ್ದರೆ ಎಲ್ಲ ದಂಡ. 4ನೇ ತಂತಿ ಇಳಿಸಿ ಖಾಲಿ 2ನೇ ತಂತಿಯ ಜೊತೆ ಮೀಟಿ ನೋಡಿ. ಎರಡೂ ಡಿ ಶಾರ್ಪ್, ಒಂದೇ ಸ್ವರ. ತೇಲಿದ ಹಾಗೆ ಅಲೆ ಕೇಳಿದರೆ ಗಿಟಾರ್‌ನ ತುದಿಯಲ್ಲಿರುವ ಆ ಲಿವರ್‌ನ ನೈಲಾನ್ ನಟ್ಟು ತಿರುಗಿಸಿ ಸರಿ ಮಾಡಿ. ತಂತಿ ಬಿಗಿಸುವ ಕೀಗೆ ಕೈ ಹಾಕಬೇಡಿ, ಅದು ಖಾಲಿ ತಂತಿಗೆ ಮಾತ್ರ. ಲಿವರ್ ಬಿಟ್ಟ ಮೇಲೆ ಸ್ವರ ಅದೇ ಜಾಗಕ್ಕೆ ವಾಪಸ್ ಬರುತ್ತದಾ ಅಂತಲೂ ನೋಡಿ. ನಮ್ಮ ಕಡಲ ಗಾಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ತಂತಿಯನ್ನು ಬಿಗಿಸಿ ಸಡಿಲಿಸುವ ಒಳಗಿನ ಚೇಂಜರ್ ಸ್ವಲ್ಪ ಅಂಟಿದರೂ ಸ್ವರ ಸರಿಯಾಗಿ ಮರಳುವುದಿಲ್ಲ. ನುಡಿಸಿ ಆದ ಮೇಲೆ ತಂತಿ ಒರೆಸಿಡಿ.

ಹಾಂ, ಎ, ಬಿ ಎರಡೂ ಪೆಡಲ್ ತುಳಿದು ಉಡುಪಿಯವರು ಹೇಳಿದ ಲಿವರ್ ಸೇರಿಸಿದರೆ ಎ ಮೇಜರ್ ಹೋಗಿ ಎ ಮೈನರ್ ಬರುತ್ತದೆ. ಆದರೆ ಪೆಡಲ್ ಮತ್ತು ಲಿವರ್ ಒಂದೇ ತಂತಿಯನ್ನು ಎಳೆಯುವುದರಿಂದ ಅದಕ್ಕೆ ಬೇರೆ ಹೊಂದಾಣಿಕೆ ಬೇಕು, ಎಲ್ಲ ಗಿಟಾರ್‌ನಲ್ಲಿ ಅದರ ಸ್ಕ್ರೂ ಇರುವುದಿಲ್ಲ.

ಬಲ ಮೊಣಕಾಲಿನ ಲಿವರ್ ಬಗ್ಗೆ ಒಂದೇ ಮಾತು: ಅದೇ ಪಾದ ವಾಲ್ಯೂಮ್ ಪೆಡಲ್ ಮೇಲೆ ಇರುತ್ತದೆ. ಮೊಣಕಾಲು ಆಡಿಸುವಾಗ ಹಿಮ್ಮಡಿ ಅಲುಗಿ ಸೌಂಡ್ ಏರಿಳಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ಬೆಂದೂರಿನಿಂದ, ಮತ್ತೆ: ಥ್ಯಾಂಕ್ಸ್ ಎಲ್ಲರಿಗೂ. 8ನೇ ಫ್ರೆಟ್‌ನಲ್ಲಿ ಜಿ ಸೆವೆನ್ತ್‌ನಿಂದ ಸಿ ಬಂತು! ಮೇಲೆತ್ತುವ ಲಿವರ್ ನನ್ನದರಲ್ಲೂ ಉಂಟು, ಆದರೆ ಎ ಪೆಡಲ್ ಮೇಲೆ ಪಾದ ಇಟ್ಟು ಎಷ್ಟು ಎತ್ತಿದರೂ ಮೊಣಕಾಲು ತಾಗುವುದಿಲ್ಲ. ಸ್ಟೂಲ್ ಎತ್ತರ ಮಾಡಬೇಕಾ?

ಉಡುಪಿಯಿಂದ: ಸ್ಟೂಲ್ ಎತ್ತರ ಮಾಡಿದರೆ ಪ್ರಯೋಜನ ಇಲ್ಲ, ಮೊಣಕಾಲಿನ ಎತ್ತರ ಪಾದದಿಂದ ಲೆಕ್ಕ ಅಲ್ವಾ. ಬರಿಗಾಲಲ್ಲಿ ನುಡಿಸುತ್ತಿದ್ದೀರಾ? ಹಾಗಿದ್ದರೆ ದಪ್ಪ ಅಟ್ಟೆಯ ಶೂ ಹಾಕಿ ನೋಡಿ.