ಹಿತ್ತಿಲಲ್ಲಿ ನಾಲ್ಕು ಬಾತುಮರಿ: ಕೊಳ ಬೇಕೇ ಬೇಕಾ?

ಪ್ರಶ್ನೆ: ಒಂದು ದಿನದ ನಾಲ್ಕು ಬಾತುಮರಿ ತರಬೇಕೆಂದಿದ್ದೇನೆ. ಕೋಳಿಮರಿಯ ಆಹಾರವೇ ಸಾಕಾ? ಕೊಳ ಇಲ್ಲದಿದ್ದರೆ ನಡೆಯುತ್ತಾ?

ಉತ್ತರ 1: ಕೋಳಿಮರಿಯ ಸ್ಟಾರ್ಟರ್ (ಎಳೆ ಮರಿಗಳ ಆಹಾರ) ನಡೆಯುತ್ತದೆ, ಔಷಧಿ ಬೆರೆಸದ್ದನ್ನೇ ತನ್ನಿ. ಆದರೆ ಬಾತಿಗೆ ನಯಾಸಿನ್ (ವಿಟಮಿನ್ ಬಿ3) ಕೋಳಿಗಿಂತ ಹೆಚ್ಚು ಬೇಕು, ಕೆಜಿ ಆಹಾರಕ್ಕೆ ಸುಮಾರು 55 ಮಿ.ಗ್ರಾಂ. ಕಡಿಮೆಯಾದರೆ ಕೀಲು ಊದಿ ಕಾಲು ಬಾಗುತ್ತದೆ, ಮರಿ ಕುಂಟುತ್ತದೆ. ಅದಕ್ಕೆ ನಯಾಸಿನ್ ಇರುವ ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸಿ. ಎರಡು ವಾರದ ನಂತರ ಪ್ರೋಟೀನ್ 20%ರಿಂದ 16%ರ ಆಸುಪಾಸಿಗೆ ಇಳಿಸಿ. ಬ್ರೆಡ್ ಮಾತ್ರ ಬೇಡವೇ ಬೇಡ.

ಉತ್ತರ 2: ಕೊಳ ಬೇಕಿಲ್ಲ. ಕುಡಿಯುವ ನೀರು ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಲಿ. ತೊಳೆದುಕೊಳ್ಳಲಾಗದಿದ್ದರೆ ಹೊಳ್ಳೆ ಕಟ್ಟುತ್ತದೆ, ಕಣ್ಣು ಅಂಟುತ್ತದೆ. ಈಜು ಆಮೇಲೆ: ತಾಯಿಯಿಲ್ಲದ ಮರಿಯ ತುಪ್ಪುಳಕ್ಕೆ ಎಣ್ಣೆ ಹತ್ತಿರುವುದಿಲ್ಲ, ನೆನೆದರೆ ಚಳಿ ಹಿಡಿದು ಸಾಯಬಹುದು. ಮೊದಲ ವಾರ 32 ಡಿಗ್ರಿ ಕಾವು, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸಿ. ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡಿ. ಬಲ್ಬಿನಡಿ ಗುಂಪುಗಟ್ಟಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ.

ಉತ್ತರ 3: ಗೂಡಿಗೆ ತೆಳು ಕೋಳಿಜಾಲರಿ ಬೇಡ, ನಾಯಿ ಹರಿದುಹಾಕುತ್ತದೆ, ಅರ್ಧ ಇಂಚಿನ ಗಟ್ಟಿ ಜಾಲರಿ ಹಾಕಿ. ಬೆಳೆದ ಬಾತಿಗೆ ತಲಾ 4 ಚದರಡಿಯಾದರೂ ಇರಲಿ. ನಾಲ್ಕರಲ್ಲಿ ಗಂಡು ಒಂದೇ ಸಾಕು. ಎರಡಾದರೆ, ಕೂಡುವಾಗ ಕಚ್ಚಿ ಹಿಡಿದು, ಹೆಣ್ಣುಗಳ ಕತ್ತಿನ ಪುಕ್ಕ ಉಳಿಯುವುದು ಕಷ್ಟ.